ತೊಂಬತ್ತಾರನೇ ಅಡಿಯ ಕಂಬ

ಶಹಾಪುರ
9 ಜನವರಿ 2023

ತಮ್ಮ ಬಸವಕಿರಣನಿಗೆ,

ನಿನ್ನ ಲಕೋಟೆ ನಿನ್ನೆ ಕೈಸೇರಿತು. ಒಳಗೆ ಒಂದು ಒಪ್ಪಿಗೆ ಪತ್ರ, ಒಂದು ನಕ್ಷೆ, ಜೊತೆಗೆ ನಿನ್ನ ಕೈಬರಹದ ಒಂದೇ ಸಾಲು: "ಅಕ್ಕಾ, ಗುರುತು ಹಾಕಿದಲ್ಲಿ ಸಹಿ ಮಾಡಿ ಬೇಗ ಕಳಿಸು." ಬೇಗ ಎಂದು ಯಾರಾದರೂ ಬರೆದರೆ ನಾನು ಮೊದಲು ಕನ್ನಡಕ ಒರೆಸಿಕೊಳ್ಳುತ್ತೇನೆ. ಮೂವತ್ತೈದು ವರ್ಷ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತವಳು ನಾನು. ಅವಸರದಲ್ಲಿ ಸಹಿ ಮಾಡಿ ಆಮೇಲೆ ಕಣ್ಣೀರು ಹಾಕಿದವರನ್ನು ದಿನಕ್ಕೊಬ್ಬರಂತೆ ನೋಡಿದ್ದೇನೆ.

ಹೈದರಾಬಾದಿನಲ್ಲಿರುವ ಅಪ್ಪನ ಕಬ್ಬಿಣ ಎರಕದ ಫೌಂಡ್ರಿಯನ್ನು ಕೆಡವದೆ ಉಳಿಸಿಕೊಳ್ಳುತ್ತಿದ್ದೀಯ. ಇಪ್ಪತ್ತೈದು ವರ್ಷ ಗೋದಾಮಾಗಿ ಹಾಳುಬಿದ್ದ ಶೆಡ್ಡಿನ ಮುಂದಿನ ಅರ್ಧದಲ್ಲಿ ಅವ್ವನ ಹೆಸರಿನ ವಾಚನಾಲಯ, ಹಿಂದಿನ ಅರ್ಧದಲ್ಲಿ ನಾಟಕ, ಸಂಗೀತಕ್ಕೆ ಸಭಾಂಗಣ. ಒಳ್ಳೆಯ ಕೆಲಸವೇ. ಗದಿಗೆಮ್ಮ ವಾಚನಾಲಯ ಎಂದು ನಕ್ಷೆಯ ಮೇಲೆ ಓದಿದಾಗ ನನಗೆ ಎದೆ ತುಂಬಿ ಬಂತು, ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ನಕ್ಷೆಯ ಅಂಕಿಗಳನ್ನು ಓದಿದೆ. ಬಂದದ್ದು ಅಲ್ಲೇ ನಿಂತಿತು.

ಅಪ್ಪ ಸಾಯುವ ಎರಡು ವರ್ಷ ಮೊದಲು ಬರೆದಿಟ್ಟ ಕಾಗದ ನನ್ನ ಟ್ರಂಕಿನಲ್ಲಿದೆ. "ಹೊಸ್ತಿಲಿನಿಂದ ತೊಂಬತ್ತಾರು ಅಡಿ ಸುವರ್ಣಾಳಿಗೆ, ಅಲ್ಲಿಂದ ಹಿಂದಿನ ಗೋಡೆಯವರೆಗೆ ತೊಂಬತ್ತಾರು ಅಡಿ ಬಸವಕಿರಣನಿಗೆ." ಸರಿಸಮ. ನಿನ್ನ ನಕ್ಷೆಯಲ್ಲಿ ನನಗೆ ತೊಂಬತ್ತಾರು, ನಿನಗೆ ತೊಂಬತ್ತೆಂಟು. ಗೋಡೆ ಬೆಳೆಯಿತೇ?

ಅದಕ್ಕಿಂತ ದೊಡ್ಡ ವಿಷಯ ಏಳನೇ ಕಂಬದ್ದು. ನಡುವಿನ ಗೋಡೆಯನ್ನು ನೀನು ಆ ಕಂಬದ ಈಚೆಗೆ, ಒಂದು ಅಡಿ ಬಿಟ್ಟು ಬರೆಸಿದ್ದೀಯ. ಅಂದರೆ ಕಂಬ ನಿನ್ನ ಪಾಲಿಗೆ. ಶೆಡ್ಡು ಎದ್ದ ವರ್ಷ ನೀನು ತೊಟ್ಟಿಲಲ್ಲಿದ್ದೆ, ನನಗೆ ಹನ್ನೆರಡು. ಅಪ್ಪನ ಜೊತೆ ಅಳತೆಪಟ್ಟಿ ಹಿಡಿದವಳು ನಾನು. ಹೊಸ್ತಿಲಿನಿಂದ ನಲವತ್ತೆಂಟು ಸಲ ಆ ಎರಡಡಿಯ ಪಟ್ಟಿ ಮಗುಚಿದೆವು. ನಲವತ್ತೆಂಟನೆಯದು ಆ ಕಂಬದ ಆಚೆ ಅಂಚಿಗೆ ಕೂದಲೆಳೆ ತಪ್ಪದೆ ಮುಟ್ಟಿತು. ಕಂಬ ತೊಂಬತ್ತಾರು ಅಡಿಯ ಒಳಗಿದೆ.

ಆ ಕಂಬ ಯಾಕೆ ಬೇಕು ಎಂದು ನಿನಗೆ ಹೇಳಬೇಕಾಗಿಲ್ಲ. ಎರಕ ಹೊಯ್ಯುವ ಮುನ್ನ ಅಪ್ಪ ಅವ್ವನನ್ನು ಕರೆದು ಅಚ್ಚಿನ ಹಸಿ ಮರಳಿನಲ್ಲಿ ಬಲಗೈ ಒತ್ತಿಸಿದರು. ಕಬ್ಬಿಣ ಆರಿದ ಮೇಲೆ ಅವ್ವನ ಕೈ ಕಂಬದ ಮೈಮೇಲೆ ಎದ್ದು ನಿಂತಿತ್ತು. ಅವ್ವನ ಒಂದು ನೆಟ್ಟಗಿನ ಫೋಟೋ ನಮ್ಮಲ್ಲಿಲ್ಲ. ಇರುವುದು ಆ ಕೈ ಒಂದೇ.

ಅಪ್ಪ ನನ್ನ ಮದುವೆಯಲ್ಲಿ ಕೊಟ್ಟ ಆ ಪಟ್ಟಿ ಈಗಲೂ ನನ್ನ ಹತ್ತಿರವೇ ಇದೆ, ಎರಡೂ ತುದಿಗೆ ಹಿತ್ತಾಳೆ ಕಟ್ಟಿದ ಎರಡಡಿಯ ಮರದ ಪಟ್ಟಿ. ಈ ಊರಿನ ಬಟ್ಟೆ ಅಂಗಡಿಯವರಿಗೆಲ್ಲ ಅದನ್ನು ಕಂಡರೆ ಭಯ. ಮೂವತ್ತೇಳು ವರ್ಷದಲ್ಲಿ ಒಬ್ಬನೂ ನನಗೆ ಪೂರ್ತಿ ಅಳತೆ ಕೊಟ್ಟಿಲ್ಲ. ಬಡಿಗ ಕಪಾಟು ಮಾಡಿದರೂ ಗಿಡ್ಡ, ಐದು ಮೀಟರ್ ಬಟ್ಟೆ ತಂದರೂ ಎರಡು ಇಂಚು ಕಡಿಮೆ. ಜಗತ್ತು ಎಂಥದ್ದೆಂದು ಆ ಪಟ್ಟಿ ನನಗೆ ಕಲಿಸಿದೆ. ನೀನೂ ಆ ಜಗತ್ತಿನವನೇ ಆಗಬೇಡ.

ಫೋನು ಮಾಡಬೇಡ. ಫೋನಿನ ಮಾತಿಗೆ ಮುದ್ರೆ ಬೀಳುವುದಿಲ್ಲ. ಬರೆದು, ರಿಜಿಸ್ಟರ್ ಮಾಡಿ ಕಳಿಸು.

ನಿನ್ನ ಅಕ್ಕ,
ಸುವರ್ಣಾ


ಹೈದರಾಬಾದ್
19 ಜನವರಿ 2023

ಪ್ರೀತಿಯ ಅಕ್ಕಾ,

ನಿನ್ನ ರಿಜಿಸ್ಟರ್ ಪತ್ರವನ್ನು ಪೋಸ್ಟ್‌ಮನ್ ನನ್ನ ಕಚೇರಿಗೇ ತಂದುಕೊಟ್ಟ. ಕೋರ್ಟಿನ ನೋಟೀಸೇನೋ ಎಂದು ಪಕ್ಕದ ಮೇಜಿನವರೆಲ್ಲ ಕತ್ತು ಚಾಚಿದರು. ಅಕ್ಕನ ಪತ್ರ ಎಂದರೆ ಯಾರೂ ನಂಬಲಿಲ್ಲ.

ಅಳತೆ ನಾನು ಮಾಡಿದ್ದಲ್ಲ. ನಕ್ಷೆ ಬರೆದವನು ಕೌಸ್ತುಭ ಎಂಬ ಹುಡುಗ, ಗಚ್ಚಿಬೌಲಿಯಲ್ಲಿ ಆಫೀಸಿದೆ. ಹಳೆಯ ಕಟ್ಟಡಗಳೆಂದರೆ ಅವನಿಗೆ ಪ್ರಾಣ. ಅವನ ಬಳಿ ಕೆಂಪು ಬೆಳಕು ಬಿಡುವ ಯಂತ್ರವೊಂದಿದೆ. ಗುಂಡಿ ಒತ್ತಿದರೆ ಗೋಡೆಯಿಂದ ಗೋಡೆಗೆ ಎಷ್ಟೆಂದು ಹೇಳುತ್ತದೆ. ಮೂರು ಸಲ ಒತ್ತಿದ, ಮೂರು ಸಲವೂ ನೂರಾ ತೊಂಬತ್ತನಾಲ್ಕು ಅಡಿಯೇ ಬಂತು. ಅಪ್ಪನ ಕಾಗದದ ನನ್ನ ಹತ್ತಿರದ ನಕಲು ನೋಡಿ ನಿನ್ನ ತೊಂಬತ್ತಾರನ್ನು ಹೊಸ್ತಿಲಿನಿಂದ ಅಳೆದು ಗೆರೆ ಹಾಕಿದ, ಉಳಿದದ್ದನ್ನು ನನ್ನ ಕಡೆಗೆ ಬರೆದ. ಇದರಲ್ಲಿ ನನ್ನ ಕೈವಾಡ ಏನೂ ಇಲ್ಲ.

ಎರಡು ಅಡಿಗೆ ನಮ್ಮಿಬ್ಬರ ನಡುವೆ ಮಾತು ಬೇಡ ಅಕ್ಕಾ. ಅದರ ಬದಲು ಮುಂದಿನ ಜಗಲಿ ಪೂರ್ತಿ ನಿನ್ನದೇ ಎಂದು ಬರೆಸುತ್ತೇನೆ. ಜಗಲಿ ಹನ್ನೆರಡು ಅಡಿ ಇದೆ. ಗೋಡೆಯ ಗೆರೆ ಮಾತ್ರ ಈಗಿರುವಲ್ಲೇ ಇರಲಿ. ಬದಲಿಸಿದರೆ ನಕ್ಷೆಗೆ ಮತ್ತೆ ಒಪ್ಪಿಗೆ ಪಡೆಯಬೇಕಾಗುತ್ತದೆ.

ಕಂಬ ಎಲ್ಲಿಗೆ ಹೋಗುತ್ತದೆ? ಯಾವ ಪಾಲಿನಲ್ಲಿದ್ದರೂ ಅವ್ವ ಇಬ್ಬರಿಗೂ ಅವ್ವನೇ. ನಿನ್ನ ಸಹಿ ಬಂದರೆ ಯುಗಾದಿಗೆ ಮೊದಲು ಚಾವಣಿಯ ಕೆಲಸ ಮುಗಿಯುತ್ತದೆ, ಬರದಿದ್ದರೆ ಕಟ್ಟಡದ ಬಳಕೆ ಬದಲಿಸಲು ಪರವಾನಗಿ ಸಿಗುವುದಿಲ್ಲ.

ನಿನ್ನ ತಮ್ಮ,
ಕಿರಣ


ಶಹಾಪುರ
4 ಫೆಬ್ರವರಿ 2023

ಕಿರಣಾ,

ಎರಡು ಅಡಿ ಕೇಳಿದವಳಿಗೆ ಹನ್ನೆರಡು ಅಡಿ ಕೊಡುತ್ತೇನೆ ಎನ್ನುತ್ತೀಯ. ಕಂಬದ ಹತ್ತಿರದ ಒಂದು ಅಡಿ ಬಿಡಲು ಮಾತ್ರ ನೀನು ತಯಾರಿಲ್ಲ. ಚಿಕ್ಕಂದಿನಲ್ಲಿ ನೀನು ಪೇಢೆ ಕದ್ದಾಗಲೂ ಹೀಗೇ ಮಾಡುತ್ತಿದ್ದೆ. ಇಡೀ ಚುರುಮುರಿ ಡಬ್ಬಿ ನನ್ನ ಮುಂದೆ ಇಟ್ಟು, ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದೆ. ಈಗ ಬೆನ್ನ ಹಿಂದೆ ಏನಿದೆ?

ಯಂತ್ರದ ಮಾತು ಬಿಡು. ಯಂತ್ರ ಹಿಡಿದವನಿಗೆ ಊಟ ಹಾಕುವವನು ನೀನು.

ಒಂದು ವಿಷಯ ತಿಳಿಸುತ್ತೇನೆ. ಸಾಬಮ್ಮ ಗೊತ್ತಲ್ಲ, ಅಪ್ಪನ ಕಾಲದ ಭಟ್ಟಿ ಕೆಲಸಗಾರನ ಹೆಂಡತಿ, ಈಗಲೂ ನಮ್ಮ ಶೆಡ್ಡಿನ ಹಿಂದಿನ ಓಣಿಯಲ್ಲೇ ಇದ್ದಾಳೆ. ತಂಗಿಯ ಮಗಳ ಮದುವೆಗೆಂದು ಈ ಕಡೆ ಬಂದವಳು ನನ್ನನ್ನು ನೋಡಿಹೋದಳು. ನಾನು ಏನೂ ಕೇಳಲಿಲ್ಲ, ಅವಳಾಗಿಯೇ ಹೇಳಿದಳು. "ಅಕ್ಕಾರ, ನಿಮ್ಮ ಅವ್ವಾರ ಕೈ ಇದ್ದ ಕಂಬಕ್ಕ ಗೋಣಿತಟ್ಟು ಸುತ್ತ್ಯಾರ್ರಿ. ಮ್ಯಾಲಿಂದ ಕೆಳಗಿನ ತನಕ ಹಗ್ಗ ಹಾಕಿ ಬಿಗದಾರ. ನಾ ದಿನಾ ಮುಂಜಾನಿ ಹೋಗಿ ಕೈ ಮುಟ್ಟಿ ಬರ್ತಿದ್ದೆ. ಈಗ ಒಳಗ ಬಿಡಾಕ ಒಲ್ಲೆ ಅಂತಾರ." ಉಳಿದ ಹದಿಮೂರು ಕಂಬಗಳಿಗೆ ಗೋಣಿ ಇಲ್ಲವಂತೆ.

ಯಾಕೆ? ಒಂದೇ ಸಾಲಿನ ಉತ್ತರ ಸಾಕು. ಅದು ಬರುವವರೆಗೆ ಒಪ್ಪಿಗೆ ಪತ್ರ ಟ್ರಂಕಿನಲ್ಲೇ ಇರುತ್ತದೆ.

ಸುವರ್ಣಾ


ಹೈದರಾಬಾದ್
16 ಫೆಬ್ರವರಿ 2023

ಅಕ್ಕಾ,

ಗೋಣಿ ಸುತ್ತಿದ್ದು ಬಣ್ಣ ಸಿಡಿಯಬಾರದು ಎಂದು. ಅಷ್ಟೇ.

ಈಗ ಅದಕ್ಕಿಂತ ದೊಡ್ಡ ಸಂಕಟ ಬಂದಿದೆ. ಸೋಮವಾರ ನಗರಪಾಲಿಕೆಯವರು ಗೇಟಿಗೆ ನೋಟೀಸು ಅಂಟಿಸಿ ಹೋಗಿದ್ದಾರೆ, ಕೆಲಸ ನಿಲ್ಲಿಸಬೇಕಂತೆ. ಯಾರೋ ಹೆಸರಿಲ್ಲದ ದೂರು ಕಳಿಸಿದ್ದಾರೆ. ಅವರ ಕಚೇರಿಯಲ್ಲಿ ಅದರ ನಕಲು ತೋರಿಸಿದರು, ಇಂಗ್ಲಿಷಿನಲ್ಲಿ ಟೈಪು ಮಾಡಿದೆ. "ಹೊಸ್ತಿಲಿನಿಂದ ತೊಂಬತ್ತಾರನೇ ಅಡಿಯ ಕಂಬಕ್ಕೆ ಮುಚ್ಚುಮರೆಯಲ್ಲಿ ಕೈಹಾಕಿದ್ದಾರೆ, ಕಟ್ಟಡಕ್ಕೆ ಅಪಾಯವಿದೆ" ಎಂದು ಬರೆದಿದೆ. ಹದಿನೆಂಟು ಜನ ಕೆಲಸಗಾರರನ್ನು ಮನೆಗೆ ಕಳಿಸಿದೆ.

ಆ ಕಂಬವನ್ನು ತೊಂಬತ್ತಾರನೇ ಅಡಿಯದು ಎಂದು ಬಲ್ಲವರು ಈಗ ಮೂವರೇ. ನಾನು, ನೀನು, ಅಪ್ಪನ ಹಳೆಯ ಎರಕದ ಮೇಸ್ತ್ರಿ ರಾಮಕೃಷ್ಣಪ್ಪ. ನಿನ್ನ ಮೇಲೆ ನನಗೆ ಅನುಮಾನವೇ ಬರಲಿಲ್ಲ. ನೀನು ಹಬ್ಬದ ಶುಭಾಶಯವನ್ನೂ ರಿಜಿಸ್ಟರ್ ಮಾಡುವವಳು, ಹೆಸರಿಲ್ಲದ ಕಾಗದ ನಿನ್ನ ಕೈಯಿಂದ ಹೊರಡುವುದೇ ಇಲ್ಲ. ಉಳಿದದ್ದು ಮೇಸ್ತ್ರಿ. ಮಲ್ಕಾಜ್‌ಗಿರಿಯಲ್ಲಿ ಮಗನ ರೈಲ್ವೆ ಕ್ವಾರ್ಟರ್ಸಿನಲ್ಲಿ ಇದ್ದಾರೆ. ವಾರಕ್ಕೊಮ್ಮೆ ಎರಡು ಬಸ್ಸು ಬದಲಿಸಿ ಬಂದು ಕೆಲಸ ನೋಡುತ್ತ ಕೂರುತ್ತಿದ್ದರು. ಗೋಣಿ ಸುತ್ತಿದ ದಿನ "ಅದಕ್ಕೆ ಕೈ ಹಚ್ಚಬೇಡ" ಎಂದು ಕೂಗಾಡಿದ್ದರು ಬೇರೆ.

ನಿನ್ನೆ ಬಂದಿದ್ದರು. ಗೇಟಿನಲ್ಲೇ ನಿಲ್ಲಿಸಿದೆ. "ನಿಮ್ಮ ಕೆಲಸ ಇಲ್ಲಿ ಮುಗದು ಇಪ್ಪತ್ತೈದ ವರ್ಷ ಆತ್ರಿ. ಬೆನ್ನಿಗೆ ಚೂರಿ ಹಾಕಾಕ ಯಾಕ ಬರ್ತೀರಿ?" ಎಂದುಬಿಟ್ಟೆ. ಕಾವಲುಗಾರ, ಚಹಾದವನು ಎಲ್ಲರೂ ನೋಡುತ್ತಿದ್ದರು. ಎಪ್ಪತ್ತೆಂಟು ವರ್ಷದ ಮನುಷ್ಯ ಟೋಪಿ ಸರಿಮಾಡಿಕೊಂಡು ಬಸ್ಸಿನ ಕಡೆ ನಡೆದರು. ನನಗೆ ಆಮೇಲೆ ಊಟ ಸೇರಲಿಲ್ಲ. ಆದರೆ ಮತ್ತೆ ಯಾರಿರಲು ಸಾಧ್ಯ, ನೀನೇ ಹೇಳು.

ಕಿರಣ


ಹೈದರಾಬಾದ್
21 ಮಾರ್ಚ್ 2023

ಅಕ್ಕಾ,

ಒಂದು ತಿಂಗಳು ದಾಟಿತು, ನಿನ್ನಿಂದ ಒಂದು ಸಾಲಿಲ್ಲ. ಪತ್ರ ನಿನಗೆ ತಲುಪಿದ್ದಕ್ಕೆ ನಿನ್ನ ಸಹಿಯ ಸ್ವೀಕೃತಿ ಚೀಟಿ ನನ್ನ ಹತ್ತಿರವಿದೆ. ಈ ಪಾಠ ನೀನೇ ಕಲಿಸಿದ್ದು.

ನಾಳೆ ಯುಗಾದಿ. ಚಾವಣಿಯ ತಗಡು ಅರ್ಧ ಬಿಚ್ಚಿ ಹಾಗೇ ಬಿಟ್ಟಿದೆ. ಪಾರಿವಾಳಗಳು ವಾಚನಾಲಯಕ್ಕೆ ನಮಗಿಂತ ಮೊದಲೇ ಬಂದು ಕೂತಿವೆ. ಮೇಸ್ತ್ರಿ ಆಮೇಲೆ ಬರಲಿಲ್ಲ.

ನೀನು ಸುಮ್ಮನಿದ್ದರೆ ನನಗೆ ಭಯವಾಗುತ್ತದೆ. ಬೈದಾದರೂ ಬರಿ.

ಕಿರಣ


ಶಹಾಪುರ
28 ಮಾರ್ಚ್ 2023

ಶ್ರೀ ಬಸವಕಿರಣ ಅವರಿಗೆ,

ಏಪ್ರಿಲ್ ಐದನೇ ತಾರೀಖು ಬುಧವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ. ನೇರ ಶೆಡ್ಡಿಗೇ ಬರುತ್ತೇನೆ. ಅಪ್ಪನ ಪಟ್ಟಿ ತರುತ್ತೇನೆ. ಅಳೆಯುವಾಗ ನಕ್ಷೆಯ ಹುಡುಗನೂ ಇರಲಿ, ಅವನ ಯಂತ್ರವೂ ಇರಲಿ. ಕಂಬದ ಗೋಣಿ ಬಿಚ್ಚಿರಬೇಕು. ಇಲ್ಲವಾದರೆ ನಾನೇ ಬಿಚ್ಚುತ್ತೇನೆ.

ಸುವರ್ಣಾ


ಹೈದರಾಬಾದ್
9 ಏಪ್ರಿಲ್ 2023

ಅಕ್ಕ ಅವರಿಗೆ,

ತಾವು ಬಂದಿರಿ, ಅಳೆದಿರಿ, ಹೋದಿರಿ. ಗುರುದೇವಿ ತಮಗಾಗಿ ಬೆಳಿಗ್ಗೆ ಬೇಗ ಎದ್ದು ಎಣ್ಣೆಗಾಯಿ ಮಾಡಿ, ರೊಟ್ಟಿ ಬಡಿದು ಡಬ್ಬಿ ತುಂಬಿ ಕಳಿಸಿದ್ದಳು. ತಾವು ಅದನ್ನು ಮುಟ್ಟಲಿಲ್ಲ. ಸಂಜೆ ತುಂಬಿದ ಡಬ್ಬಿಯನ್ನು ಹಾಗೇ ಒಯ್ದು ಹೆಂಡತಿಯ ಕೈಗೆ ಕೊಟ್ಟೆ.

ಅರವತ್ತೊಂದು ವರ್ಷದ ತಾವು ಆ ಧೂಳಿನಲ್ಲಿ ಮೊಣಕಾಲೂರಿ, ಸೀಮೆಸುಣ್ಣದ ಗುರುತು ಹಾಕುತ್ತ ನಲವತ್ತೆಂಟು ಸಲ ಪಟ್ಟಿ ಮಗುಚಿದ್ದನ್ನು ನೋಡುತ್ತ ನಿಂತಿದ್ದೆ. ಕೈಹಿಡಿಯಲು ಬಂದರೆ ತಳ್ಳಿದಿರಿ. ಕಡೆಯ ಗುರುತು ಕಂಬದ ಆಚೆ ಅಂಚಿಗೆ ಸರಿಯಾಗಿ ಬಿತ್ತು. ತೊಂಬತ್ತಾರು. ಕೌಸ್ತುಭ ಅಲ್ಲೇ ಗುಂಡಿ ಒತ್ತಿದ, ತೊಂಬತ್ತೇಳು ಎಂದಿತು ಯಂತ್ರ. ಅವನು ಮತ್ತೊಮ್ಮೆ ಒತ್ತಿದ, ಅದೇ ಬಂತು. ತಾವು ನನ್ನ ಕಡೆ ತಿರುಗಿ, "ಕಳ್ಳರಿಗೆಲ್ಲ ಈಗ ಬೆಳಕಿನ ಯಂತ್ರ ಬಂದಾವು" ಎಂದಿರಿ. ಆ ಮಾತು ನನ್ನನ್ನು ಕೊಯ್ದಿತು. ಯಾವುದು ಸುಳ್ಳು ಹೇಳುತ್ತಿದೆಯೋ ನನಗೆ ಗೊತ್ತಿಲ್ಲ. ನಾನು ಹೇಳಿಸಿದ್ದಲ್ಲ, ಅಷ್ಟೇ ಗೊತ್ತು.

ಆಮೇಲೆ ತಾವೇ ಗೋಣಿ ಬಿಚ್ಚಿದಿರಿ, ಬಿರುಕು ಕಂಡಿರಿ. ಅದರ ಬಗ್ಗೆ ಸುಳ್ಳು ಹೇಳಿದವನು ನಾನೇ. ಒಪ್ಪುತ್ತೇನೆ.

ಡಿಸೆಂಬರಿನಲ್ಲಿ ಹಳೆಯ ಬಣ್ಣ ಕೆರೆಯುವಾಗ ಅದು ಕಂಡಿತು, ಅವ್ವನ ಕೈಗಿಂತ ಒಂದು ಗೇಣು ಕೆಳಗೆ. ಹಾಗೇ ಬಿಟ್ಟರೆ ಚಾವಣಿಗೆ ಅಪಾಯ, ಕಂಬಕ್ಕೆ ಸುತ್ತಲೂ ಕಾಂಕ್ರೀಟ್ ಹೊದಿಸಬೇಕು ಎಂದ ಕೌಸ್ತುಭ. ಹೊದಿಸಿದರೆ ಅವ್ವನ ಕೈ ಒಳಗೆ ಹೋಗುತ್ತದೆ. ಗೆರೆ ಹಾಕುವಾಗ ಕಂಬ ನನ್ನ ಪಾಲಿಗೆ ಬಿದ್ದದ್ದು ನೋಡಿ, ಸರಿ, ನನ್ನ ಪಾಲಿನಲ್ಲಿ ನಾನೇ ಮುಚ್ಚಿದರೆ ಅಕ್ಕನನ್ನು ಕೇಳಬೇಕಾಗಿಲ್ಲ ಎಂದುಕೊಂಡೆ. ಆ ಒಂದು ಅಡಿಯನ್ನು ಬಿಡದೆ ಹಿಡಿದದ್ದು ಅದಕ್ಕೆ. ನೆಲದ ಆಸೆಗಲ್ಲ. ತಮಗೆ ಬರೆಯಲು ಮೂರು ಸಲ ಕೂತೆ, ಧೈರ್ಯವಾಗಲಿಲ್ಲ.

ಅವ್ವ ಹೋದಾಗ ನನಗೆ ಹದಿನೇಳು. ತಾವು ಊರಲ್ಲಿರಲಿಲ್ಲ, ಗಂಡನ ಮನೆಯಲ್ಲಿದ್ದಿರಿ. ಮಣ್ಣು ಮಾಡಿ ಬಂದ ಮೇಲೆ ಆ ಕಂಬದ ಕೈಗೆ ಕೈ ಕೊಟ್ಟು ನಿಂತವನು ನಾನು. ಅದು ತಮ್ಮೊಬ್ಬರ ಅವ್ವನ ಕೈ ಅಲ್ಲ.

ಸಹಿ ಮಾಡುವುದು ಬಿಡುವುದು ತಮಗೆ ಬಿಟ್ಟದ್ದು. ಮೇ ಕೊನೆಯೊಳಗೆ ಒಪ್ಪಿಗೆ ಹೋಗದಿದ್ದರೆ ಅರ್ಜಿ ತಳ್ಳಿಹಾಕುತ್ತಾರೆ. ಆಮೇಲೆ ಕೆಡವಿ ಮಾರುವುದೊಂದೇ ದಾರಿ.

ಬಸವಕಿರಣ


ಶಹಾಪುರ
19 ಏಪ್ರಿಲ್ 2023

ಕಿರಣಾ,

ತಾವು ಎಂದು ಬರೆಯಬೇಡ. ಬೈಗುಳವಾದರೂ ತಡೆದುಕೊಳ್ಳುತ್ತೇನೆ, ಇದು ಆಗುವುದಿಲ್ಲ.

ಅಲ್ಲಿಂದ ವಾಪಸು ಬಂದಾಗಿನಿಂದ ಈ ಪತ್ರ ಬರೆಯುತ್ತಿದ್ದೇನೆ. ಸುತ್ತು ಹಾಕದೆ ಹೇಳುತ್ತೇನೆ. ಆ ದೂರು ನನ್ನದು.

ಸಾಬಮ್ಮ ಗೋಣಿಯ ಮಾತು ಹೇಳಿಹೋದ ಮರುದಿನವೇ ನಮ್ಮೂರಿನ ಟೈಪಿಂಗ್ ಅಂಗಡಿಯಲ್ಲಿ ಬರೆಸಿದೆ. ನಿನಗೆ ಬರೆದ ಪತ್ರ, ಅದು, ಎರಡೂ ಒಂದೇ ದಿನ ಹೊರಟವು. ಶಹಾಪುರದ ಮುದ್ರೆ ಬಿದ್ದರೆ ನಿನಗೆ ತಿಳಿಯುತ್ತದೆಂದು ಬಸ್ಸು ಹತ್ತಿ ಯಾದಗಿರಿ ಸ್ಟೇಷನ್ನಿಗೆ ಹೋಗಿ ಅಲ್ಲಿಯ ಡಬ್ಬಿಗೆ ಹಾಕಿದೆ. ಇಡೀ ನೌಕರಿಯಲ್ಲಿ ಹೆಸರಿಲ್ಲದ ಲಕೋಟೆಗಳನ್ನು ನೋಡಿ ಮೂಗು ಮುರಿದವಳು, ಕೊನೆಗೆ ನಾನೇ ಒಂದು ಕಳಿಸಿದೆ. ಕೆಲಸ ಎರಡು ದಿನ ನಿಲ್ಲಲಿ, ಅಷ್ಟರಲ್ಲಿ ನೀನು ನಿಜ ಹೇಳುತ್ತೀಯ ಎಂದುಕೊಂಡಿದ್ದೆ.

"ನಿನ್ನ ಮೇಲೆ ನನಗೆ ಅನುಮಾನವೇ ಬರಲಿಲ್ಲ" ಎಂದು ನೀನು ಬರೆದೆಯಲ್ಲ, ಆ ಸಾಲು ಓದಿದ ಮೇಲೆ ನನಗೆ ಪೆನ್ನು ಹಿಡಿಯಲು ಆಗಲಿಲ್ಲ. ತಿಂಗಳ ಮೌನಕ್ಕೆ ಅದೇ ಕಾರಣ. ಮೇಸ್ತ್ರಿ ಟೋಪಿ ಸರಿಮಾಡಿಕೊಂಡು ಹೋದದ್ದು ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು. ಆದರೂ ಒಪ್ಪಿಕೊಳ್ಳಲು ಅಹಂಕಾರ ಬಿಡಲಿಲ್ಲ. ಮೊದಲು ನಿನ್ನ ಕಳ್ಳತನ ಹಿಡಿಯುತ್ತೇನೆ, ಆಮೇಲೆ ನನ್ನದನ್ನು ಹೇಳುತ್ತೇನೆ ಎಂದು ಪಟ್ಟಿ ಹಿಡಿದುಕೊಂಡು ಬಂದೆ. ಗುರುದೇವಿಯ ಡಬ್ಬಿ ಮುಟ್ಟದೆ ಇದ್ದದ್ದು ಕೋಪದಿಂದಲ್ಲ. ನಿನ್ನ ಮನೆಯ ಅನ್ನ ಉಣ್ಣಲು ನನಗೆ ಮುಖವಿರಲಿಲ್ಲ.

ದೂರು ವಾಪಸು ಪಡೆಯುತ್ತೇನೆಂದು ಹೆಸರು, ವಿಳಾಸ ಹಾಕಿ, ಸಹಿ ಮಾಡಿ ಆ ಕಚೇರಿಗೆ ಇವತ್ತೇ ರಿಜಿಸ್ಟರ್ ಮಾಡಿದ್ದೇನೆ. ಇದರ ಜೊತೆಗಿರುವ ಇನ್ನೊಂದು ಚೀಟಿ ಮೇಸ್ತ್ರಿಗೆ. ನೀನೇ ಮಲ್ಕಾಜ್‌ಗಿರಿಗೆ ಹೋಗಿ ಅವರ ಕೈಯಲ್ಲಿ ಕೊಡು. ಅವರು ಬೈದರೆ ನನ್ನ ಪಾಲಿನದೂ ಕೇಳಿಸಿಕೊಂಡು ಬಾ.

ಅಳತೆಯ ಮಾತು ಬೇರೆ. ಅದರಲ್ಲಿ ನಾನು ಇನ್ನೂ ಸೋತಿಲ್ಲ. ಅಪ್ಪನ ಪಟ್ಟಿ ಸುಳ್ಳು ಹೇಳುವುದಿಲ್ಲ.

ಸುವರ್ಣಕ್ಕ


ಹೈದರಾಬಾದ್
3 ಮೇ 2023

ಅಕ್ಕಾ,

ನಿನ್ನ ಪತ್ರ ಓದಿ ಮೊದಲು ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಆಫೀಸಿನಿಂದ ಮನೆಗೆ ಹೋಗದೆ ಹುಸೇನ್ ಸಾಗರದ ದಂಡೆಯಲ್ಲಿ ಬಹಳ ಹೊತ್ತು ಕೂತೆ. ಆಮೇಲೆ ನಾನು ಕಂಬಕ್ಕೆ ಸುತ್ತಿದ ಗೋಣಿ ನೆನಪಾಯಿತು. ನಾವಿಬ್ಬರೂ ಒಂದೇ ಮನೆಯ ಮಕ್ಕಳು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಭಾನುವಾರ ಮೇಸ್ತ್ರಿಯ ಮನೆಗೆ ಹೋದೆ. ಬಾಗಿಲು ತೆಗೆದವರು ಅವರೇ. ಕಾಲು ಮುಟ್ಟಿದೆ, ಕ್ಷಮೆ ಕೇಳಿದೆ. ನಿನ್ನ ಚೀಟಿಯನ್ನು ಎರಡು ಸಲ ಓದಿ ಜೇಬಿಗೆ ಹಾಕಿಕೊಂಡರು. ಭದ್ರಾವತಿ ಬಿಟ್ಟು ಬಂದು ಐವತ್ತು ವರ್ಷವಾದರೂ ಅವರ ಮಾತಿನ ಧಾಟಿ ಬದಲಾಗಿಲ್ಲ. "ನಿಮ್ಮಪ್ಪ ಬೈದಷ್ಟು ನೀನು ಬೈಯ್ಯಲಿಲ್ಲ ಬಿಡಪ್ಪ. ಆದ್ರೆ ಅವರು ಗೇಟಲ್ಲಿ ನಿಲ್ಲಿಸಿ ಯಾವತ್ತೂ ಬೈದೋರಲ್ಲ" ಎಂದರು.

ಚಹಾ ಕುಡಿಯುತ್ತ ಅಳತೆಯ ಕಥೆ ಹೇಳಿದೆ. ಪಟ್ಟಿಗೆ ತೊಂಬತ್ತಾರು, ಯಂತ್ರಕ್ಕೆ ತೊಂಬತ್ತೇಳು. ಅವರು ಲೋಟ ಕೆಳಗಿಟ್ಟರು.

"ಯಾವ ಪಟ್ಟಿ? ತುದಿಗೆ ಹಿತ್ತಾಳೆ ಇರೋದಾ? ಅಂಕಿ ಕೈಯಲ್ಲಿ ಕೊರೆದಿರೋದಾ?"

ಹೌದು ಎಂದೆ. ಆ ಮನುಷ್ಯ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅಯ್ಯೋ, ಅದು ಎರಕದ ಪಟ್ಟಿ ಕಣಪ್ಪ! ಕಾದ ಕಬ್ಬಿಣ ಆರಿದ ಮೇಲೆ ಕುಗ್ಗುತ್ತೆ, ಅಡಿಗೆ ಒಂದು ಸೂತ್. ಅಂದ್ರೆ ಇಂಚಿನಲ್ಲಿ ಎಂಟನೇ ಒಂದು ಭಾಗ. ಒಂದಡಿ ಸಾಮಾನು ಬೇಕು ಅಂದ್ರೆ ಅಚ್ಚಿನ ಮಾದರೀನ ಒಂದಡಿ ಒಂದು ಸೂತ್ ಮಾಡ್ಬೇಕು. ಪ್ರತಿ ಸಲ ಲೆಕ್ಕ ಹಾಕ್ತಾ ಕೂರೋಕಾಗತ್ತಾ? ಅದಕ್ಕೆ ಪಟ್ಟೀನೇ ಉದ್ದ ಮಾಡ್ಕೊಳ್ಳೋದು. ಅದರಲ್ಲಿ ಎರಡಡಿ ಅಂತ ಇರೋದು ನಿಜಕ್ಕೆ ಎರಡಡಿ ಕಾಲಿಂಚು. ನಿಮ್ಮಪ್ಪ ಶಾಂತಪ್ಪನೋರ ಪೆಟ್ಟಿಗೇಲಿ ಎರಡು ಪಟ್ಟಿ ಇತ್ತು. ಒಂದು ಅಚ್ಚಿಗೆ, ಇನ್ನೊಂದು ಲೋಕಕ್ಕೆ. ಲೋಕದ್ದು ಅಂಗಡೀಲಿ ತಂದಿದ್ದು. ಅಚ್ಚಿಂದು ಅವರ ಕೈಯಾರೆ ಮಾಡಿದ್ದು, ಅದನ್ನೇ ಜೀವ ಅಂತಿದ್ರು. ಶೆಡ್ಡು ಅಳೆದಿದ್ದೂ ಅದರಲ್ಲೇ ಅಂತ ಈಗ ಗೊತ್ತಾಯ್ತು ನೋಡು. ಕೈಗೆ ಅದೊಂದೇ ಒಗ್ಗಿತ್ತು ಅವರಿಗೆ."

ತೊಂಬತ್ತಾರು ಅಡಿಗೆ ತೊಂಬತ್ತಾರು ಸೂತ್. ಅಂದರೆ ಹನ್ನೆರಡು ಇಂಚು. ಅಪ್ಪನ ತೊಂಬತ್ತಾರು ಲೋಕದ ತೊಂಬತ್ತೇಳು ಅಕ್ಕಾ. ಇಡೀ ಶೆಡ್ಡಿಗೆ ಎರಡು ಅಡಿ. ಕೌಸ್ತುಭನ ಯಂತ್ರವೂ ನಿಜ, ನಿನ್ನ ಗುರುತೂ ನಿಜ. ಅಪ್ಪ ಮಸಿ ನಿನಗೆ ಬೇಡ ಎಂದು ನನ್ನನ್ನು ಕೆಲಸಕ್ಕೆ ಹಚ್ಚಲಿಲ್ಲ, ಓದಿಸಿದರು. ಹಾಗಾಗಿ ಮಗನಾಗಿದ್ದೂ ನನಗೆ ಇದು ಗೊತ್ತಿರಲಿಲ್ಲ.

"ಮಗಳಿಗೆ ಅದನ್ನ ಯಾಕೆ ಕೊಟ್ರು?" ಎಂದು ಕೇಳಿದೆ. "ತಾನು ಮಾಡಿದ್ದರಲ್ಲಿ ಒಳ್ಳೇದನ್ನ ಕೊಟ್ರು. ಗೋಡೆಗೆ ತೂಗು ಹಾಕ್ತಾಳೆ ಅಂದ್ಕೊಂಡ್ರೇನೋ. ಅದ್ರಲ್ಲಿ ಅಳೀತಾಳೆ ಅಂತ ಯಾರಿಗೆ ಗೊತ್ತು?" ಎಂದರು. ನಂಬಿಕೆ ಬಾರದಿದ್ದರೆ ಯಾವುದಾದರೂ ಅಂಗಡಿಯ ಅಳತೆಗೋಲಿನ ಪಕ್ಕ ಇಟ್ಟು ನೋಡಬೇಕಂತೆ.

ಮರುದಿನ ಮೇಸ್ತ್ರಿ ಶೆಡ್ಡಿಗೆ ಬಂದರು. ನಾನೇ ಹೋಗಿ ಕರೆತಂದೆ. ಬಿರುಕನ್ನು ಉಗುರಿನಿಂದ ಮುಟ್ಟಿ ನೋಡಿ, ಕಂಬವನ್ನೆಲ್ಲ ಮುಚ್ಚುವುದು ಬೇಡ, ಬಂಡಿ ಗಾಲಿಗೆ ಹಾಕಿದಂತೆ ಕಾಯಿಸಿದ ಉಕ್ಕಿನ ಬಳೆಯನ್ನು ಎರಡು ಹೋಳಾಗಿ ತೊಡಿಸಿ ಬೋಲ್ಟು ಹಾಕಿದರೆ ಆರುತ್ತ ಬಿಗಿಯುತ್ತದೆ ಎಂದರು. ಬಿರುಕಿಗೆ ಮೂರು, ಕೈಯ ಮೇಲುಗಡೆ ಒಂದು. ಕೌಸ್ತುಭ ಲೆಕ್ಕ ಹಾಕಿ, ತನ್ನ ಗುರುಗಳನ್ನೂ ಕೇಳಿ, ಚಾವಣಿಗೆ ಪಕ್ಕದಲ್ಲೊಂದು ಆಸರೆ ಕೊಟ್ಟರೆ ಸಾಕು ಎಂದು ಒಪ್ಪಿದ್ದಾನೆ. ಅವ್ವನ ಕೈ ಹೊರಗೇ ಇರುತ್ತದೆ.

ಗೆರೆಯನ್ನು ತೊಂಬತ್ತೇಳಕ್ಕೆ ಸರಿಸಿ ಹೊಸ ನಕ್ಷೆ, ಹೊಸ ಒಪ್ಪಿಗೆ ಪತ್ರ ಇಟ್ಟಿದ್ದೇನೆ. ಕಂಬ ನಿನ್ನದು. ನಿಧಾನವಾಗಿ ಓದು, ಕನ್ನಡಕ ಒರೆಸಿಕೊಂಡೇ ಓದು. ಮೂವತ್ತೊಂದಕ್ಕೆ ಗಡುವು.

ನಿನ್ನ
ಕಿರಣ


ಶಹಾಪುರ
17 ಮೇ 2023

ಪ್ರೀತಿಯ ಕಿರಣಾ,

ನಿನ್ನ ಪತ್ರ ಬಂದ ದಿನ ಮನೆಯೆಲ್ಲ ಹುಡುಕಿದೆ. ನಮ್ಮ ಮನೆಯಲ್ಲಿ ಬೇರೆ ಅಳತೆಗೋಲೇ ಇಲ್ಲ. ಅಪ್ಪನದು ಇರುವಾಗ ಇನ್ನೊಂದು ಯಾಕೆ ಎಂದು ನಾನು ತಂದೇ ಇರಲಿಲ್ಲ. ಮಗಳು ಶೈಲಶ್ರೀ ಶಾಲೆಗೆ ಒಯ್ಯುತ್ತಿದ್ದ ಸ್ಕೇಲನ್ನು ಕೂಡ, ಇದಕ್ಕೆ ಹೊಂದುವುದಿಲ್ಲ, ಅಗ್ಗದ ಮಾಲು ಎಂದು ಒಂದು ದಿನ ಎಸೆದಿದ್ದೆ.

ಹತ್ತಿರದಲ್ಲಿ ಅಳತೆಗೋಲು ಇರುವುದು ನಮ್ಮ ಓಣಿಯ ತಿರುವಿನಲ್ಲಿರುವ ಪಾರ್ವತೆಮ್ಮನ ಬಟ್ಟೆ ಅಂಗಡಿಯಲ್ಲಿ. ಆ ಹೆಸರನ್ನು ನೀನು ನನ್ನ ಬಾಯಿಂದ ಕೇಳಿರಲಾರೆ. ಹತ್ತೊಂಬತ್ತು ವರ್ಷದಿಂದ ನಾನು ಅವಳ ಅಂಗಡಿಯ ಮುಂದೆ ನಡೆದಿಲ್ಲ, ಸುತ್ತು ಹಾಕಿ ಹೋಗುತ್ತೇನೆ. ಶೈಲಶ್ರೀಯ ಲಂಗಕ್ಕೆ ಐದು ಮೀಟರ್ ತಂದಿದ್ದೆ. ಮನೆಯಲ್ಲಿ ಅಳೆದರೆ ಎರಡು ಇಂಚು ಕಡಿಮೆ. ಮೊದಲೆಲ್ಲ ಅವಳ ಮೇಲೆ ನಂಬಿಕೆ ಇತ್ತು ನೋಡು, ಅದಕ್ಕೇ ಸಿಟ್ಟು ಜಾಸ್ತಿ ಬಂತು. ಪಟ್ಟಿ ಹಿಡಿದು ಹೋಗಿ ಓಣಿಯ ಜನರೆಲ್ಲ ನೋಡುವಂತೆ ಅಳೆದು ತೋರಿಸಿದೆ. ಕಳ್ಳಿ ಎಂದೆ. ಗಂಡ ಸತ್ತು ವರ್ಷವಾಗಿರಲಿಲ್ಲ, ಆ ಅಂಗಡಿ ಒಂದರಿಂದಲೇ ಅವಳ ಸಂಸಾರ ನಡೆಯುತ್ತಿತ್ತು. ಆಮೇಲೆ ಬಹಳ ಜನ ಅಲ್ಲಿಗೆ ಹೋಗುವುದನ್ನು ಬಿಟ್ಟರು. ನಾನು ನ್ಯಾಯ ಮಾಡಿದೆ ಎಂದುಕೊಂಡೆ.

ಮೂರು ದಿನ ಹೋಗಲಿಲ್ಲ. ನಾಲ್ಕನೇ ದಿನ ಹೋದೆ. ಪಾರ್ವತೆಮ್ಮ ಮುದುಕಿಯಾಗಿದ್ದಾಳೆ. ನನ್ನ ಕೈಯಲ್ಲಿ ಪಟ್ಟಿ ನೋಡಿದವಳೇ ಎದ್ದು ನಿಂತಳು. ಹೆದರಿದಳು ಕಿರಣಾ. ನನ್ನನ್ನು ನೋಡಿ ಹೆದರಿದಳು.

ನಾನು ಪಟ್ಟಿಯನ್ನು ಅವಳ ಉಕ್ಕಿನ ಗಜಕೋಲಿನ ಪಕ್ಕದಲ್ಲಿ ಇಟ್ಟೆ. ತುದಿಗೆ ತುದಿ ಹೊಂದಿಸಿದೆ. ಆ ಕಡೆಯಲ್ಲಿ ಅಪ್ಪನ ಎರಡಡಿ ಅವಳ ಕೋಲಿನ ಎರಡಡಿಯ ಗೆರೆಗಿಂತ ಕಾಲು ಇಂಚು ಮುಂದೆ ಹೋಗಿ ನಿಂತಿತ್ತು. ಹಿತ್ತಾಳೆಯ ಅಗಲದಷ್ಟು. ಅಷ್ಟೇ. ಆ ಕಾಲು ಇಂಚಿಗೆ ನಾನು ಎಷ್ಟು ಜನರನ್ನು ಕಳ್ಳರೆಂದೆನೋ, ನೆನಪು ಮಾಡಿಕೊಳ್ಳಲು ಭಯವಾಗುತ್ತದೆ. ಕಪಾಟು ಮಾಡಿದ ಬಡಿಗ ತೀರಿಕೊಂಡು ಆರು ವರ್ಷವಾಯಿತು.

"ಪಾರ್ವತೆಮ್ಮ, ನನ್ನ ಪಟ್ಟಿನೇ ಉದ್ದ ಐತಿ. ನೀ ಸರಿಯಾಗೇ ಕೊಟ್ಟಿದ್ದಿ" ಎಂದೆ.

ಅವಳು ಕೋಲು, ಪಟ್ಟಿ ಎರಡರ ಮೇಲೂ ಬೆರಳಾಡಿಸಿ ನೋಡಿದಳು. ಆಮೇಲೆ ಹೇಳಿದಳು: "ಅಕ್ಕಾರ, ಹತ್ತೊಂಬತ್ತ ವರ್ಷದಿಂದ ನಾನೂ ಅಳಿಯಾಕತ್ತೀನ್ರಿ. ಎಲ್ಲಿ ಹೋತು ಆ ಎರಡು ಇಂಚು ಅಂತ. ನನ್ನ ಕೈ ತಪ್ಪಿತೇನೋ, ಕತ್ತರಿ ತಪ್ಪಿತೇನೋ ಅಂತ. ಅವತ್ತಿನಿಂದ ಬಂದವರಿಗೆಲ್ಲ ಎರಡು ಇಂಚು ಹೆಚ್ಚಿಗೇನ ಕೊಡಾಕತ್ತೀನಿ."

ನಾನು ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತೆ. ಅವಳೇ ನೀರು ತಂದುಕೊಟ್ಟಳು.

ಮರುದಿನ ಸಂಜೆ ಓಣಿಯ ಜನ ಇರುವ ಹೊತ್ತಿಗೆ ಮತ್ತೆ ಹೋದೆ. ಅಂದು ಎಷ್ಟು ಗಟ್ಟಿಯಾಗಿ ಕಳ್ಳಿ ಎಂದಿದ್ದೆನೋ ಅಷ್ಟೇ ಗಟ್ಟಿಯಾಗಿ ತಪ್ಪು ನನ್ನದು ಎಂದೆ. ಅಂದು ನೋಡಿದವರಲ್ಲಿ ಅರ್ಧ ಜನ ಈಗಿಲ್ಲ. ಇದ್ದವರಿಗಾದರೂ ಕೇಳಿಸಲಿ ಎಂದು ಕೂಗಿದೆ.

ಇನ್ನು ನಿನ್ನ ಕಾಗದ. ಸಹಿ ಮಾಡಿದ್ದೇನೆ. ಎಲ್ಲಿ ತೊಂಬತ್ತೇಳು ಅಡಿ ಎಂದು ಬರೆಸಿದ್ದೀಯೋ ಅದರ ಕೆಳಗೆ, "ಅಂದರೆ ಅವ್ವನ ಕೈಯವರೆಗೆ" ಎಂದು ನನ್ನ ಕೈಯಿಂದ ಸೇರಿಸಿದ್ದೇನೆ. ಕಚೇರಿಯವರು ತಕರಾರು ತೆಗೆದರೆ ಹೊಡೆದು ಹಾಕಿಸು, ನಾನು ಜಗಳಕ್ಕೆ ಬರುವುದಿಲ್ಲ. ಕಂಬದ ಎರಡೂ ಕಡೆ ಒಂದೊಂದು ಆಳು ಅಗಲದಷ್ಟು ಗೋಡೆ ಬೇಡ, ಹಾಗೇ ಬಿಡಲಿ ಎಂದು ಕೌಸ್ತುಭನಿಗೆ ಹೇಳು. ಓದಲು ಬಂದವರೂ ಮುಟ್ಟಲಿ, ಹಾಡಲು ಬಂದವರೂ ಮುಟ್ಟಲಿ. ಸಾಬಮ್ಮನನ್ನು ನಾಳೆಯಿಂದಲೇ ಒಳಗೆ ಬಿಡು. ಮೇಸ್ತ್ರಿಗೆ ವಾಚನಾಲಯದಲ್ಲಿ ಒಂದು ಕುರ್ಚಿ ಕಾಯಂ ಇರಲಿ. ಗುರುದೇವಿಗೆ ಹೇಳು, ಮುಂದಿನ ಸಲ ಎಣ್ಣೆಗಾಯಿಗೆ ಬದನೆಕಾಯಿ ನಾನೇ ತರುತ್ತೇನೆ, ಡಬ್ಬಿಯ ತಳ ಕಾಣಿಸಿಯೇ ಏಳುತ್ತೇನೆ.

ಪಟ್ಟಿಯನ್ನು ಗೋಡೆಗೆ ತೂಗು ಹಾಕಿದ್ದೇನೆ. ಅಪ್ಪ ಅಂದುಕೊಂಡ ಹಾಗೆ.

ಲಕೋಟೆಯ ಮೇಲೆ ನೋಡಿ ಗಾಬರಿಯಾಗಬೇಡ. ಇದನ್ನು ರಿಜಿಸ್ಟರ್ ಮಾಡಿಲ್ಲ. ಐದು ರೂಪಾಯಿಯ ಅಂಚೆಚೀಟಿ ಹಚ್ಚಿ, ಪಾರ್ವತೆಮ್ಮನ ಅಂಗಡಿಯ ಎದುರಿಗಿರುವ ಕೆಂಪು ಡಬ್ಬಿಗೆ ಹಾಕುತ್ತಿದ್ದೇನೆ. ಸ್ವೀಕೃತಿ ಚೀಟಿ ಬೇಡ. ತಲುಪುತ್ತದೆ.

ನಿನ್ನ ಅಕ್ಕ,
ಸುವರ್ಣಾ